ಅನೊರೆಕ್ಸಿಯಾ ಮತ್ತು ಬುಲೀಮಿಯಾ: ಅಪ್ಪ ಅಮ್ಮ, ಗೆಳೆಯರು, ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಮಕ್ಕಳ ಜೊತೆ, ಅವರ ಮನೆಯವರ ಜೊತೆ ಊಟದ ವಿಚಾರ ಮಾತಾಡಿದಾಗಲೆಲ್ಲ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕ್ಯಾಲೊರಿ ಲೆಕ್ಕ, ಕೆಜಿ ಲೆಕ್ಕ ಎಲ್ಲೂ ಕೊಟ್ಟಿಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಈ ಕಾಯಿಲೆ ಇರುವವರು ಅಂಥ ಸಂಖ್ಯೆಗಳನ್ನು ಹುಡುಕಿಕೊಂಡು ಬಂದು ತಮ್ಮನ್ನು ಅದರ ಜೊತೆ ಹೋಲಿಸಿಕೊಳ್ಳುತ್ತಾರೆ, ಅದರಿಂದ ಕೆಡುಕೇ ಜಾಸ್ತಿ.

ಅನೊರೆಕ್ಸಿಯಾ, ಬುಲೀಮಿಯಾ ಎರಡಕ್ಕೂ ವ್ಯತ್ಯಾಸ ಏನು? ಸರಳವಾಗಿ ಹೇಳಿ.

ಅನೊರೆಕ್ಸಿಯಾ ನರ್ವೋಸಾ ಇರುವವರು ದೇಹಕ್ಕೆ ಬೇಕಾದಷ್ಟು ತಿನ್ನುವುದಿಲ್ಲ. ತೂಕ ಇಳಿಯುತ್ತಾ ಹೋಗುತ್ತದೆ. ಎಷ್ಟು ಇಳಿದರೂ ದಪ್ಪ ಆಗಿಬಿಡುತ್ತೇನೆ ಅನ್ನುವ ಭಯ ಕಡಿಮೆಯಾಗುವುದಿಲ್ಲ, ಇನ್ನೂ ಹೆಚ್ಚುತ್ತದೆ.

ಬುಲೀಮಿಯಾ ನರ್ವೋಸಾ ಇರುವವರು ಒಂದೇ ಸಲಕ್ಕೆ ತುಂಬಾ ತಿಂದುಬಿಡುತ್ತಾರೆ. ಹಬ್ಬದೂಟ ಸ್ವಲ್ಪ ಜಾಸ್ತಿ ಆಯ್ತು ಅನ್ನುವ ಥರ ಅಲ್ಲ. ನಿಲ್ಲಿಸಬೇಕು ಅಂದುಕೊಂಡರೂ ಕೈ ನಿಲ್ಲುವುದಿಲ್ಲ. ಆಮೇಲೆ ಅಸಹ್ಯ, ನಾಚಿಕೆ, ಭಯ ಎಲ್ಲ ಒಟ್ಟಿಗೆ ಬಂದು, ತಿಂದದ್ದನ್ನು ಹೇಗಾದರೂ ಕಳೆಯಬೇಕು ಅಂತ ವಾಂತಿ ಮಾಡುತ್ತಾರೆ, ಭೇದಿ ಮಾತ್ರೆ ನುಂಗುತ್ತಾರೆ, ಮೈ ಮುರಿಯುವಷ್ಟು ವ್ಯಾಯಾಮ ಮಾಡುತ್ತಾರೆ, ಇಲ್ಲವೇ ಮರುದಿನ ಪೂರ್ತಿ ಏನೂ ತಿನ್ನುವುದಿಲ್ಲ. ಸರಾಸರಿ ವಾರಕ್ಕೆ ಒಮ್ಮೆಯಾದರೂ ಹೀಗೆ, 3 ತಿಂಗಳು ನಡೆದರೆ ಡಾಕ್ಟರು ಬುಲೀಮಿಯಾ ಅನ್ನುತ್ತಾರೆ. ಆದರೆ 3 ತಿಂಗಳು ಆಗಲಿ ಅಂತ ಯಾರೂ ಕಾಯಬಾರದು.

ಎರಡರಲ್ಲೂ ಒಳಗಿರುವ ಭಯ ಹೆಚ್ಚುಕಡಿಮೆ ಒಂದೇ. ನನ್ನ ಬೆಲೆ ನನ್ನ ಮೈಯಲ್ಲಿದೆ, ನನ್ನ ತೂಕದಲ್ಲಿದೆ ಅನ್ನುವ ನಂಬಿಕೆ ಅದು.

ನೋಡಿದ ಕೂಡಲೇ ಗೊತ್ತಾಗುತ್ತೆ ಅಲ್ವಾ?

ಇಲ್ಲ. ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯವೇ ಇದು.

ಅನೊರೆಕ್ಸಿಯಾ ಜೋರಾದಾಗ ಕಣ್ಣಿಗೆ ಕಾಣುತ್ತದೆ. ಕೆನ್ನೆ ಒಳಗೆ ಹೋಗಿರುತ್ತದೆ, ಬಟ್ಟೆ ಜೋತಾಡುತ್ತದೆ, ಮದುವೆ ಮನೆಯಲ್ಲಿ ನೋಡಿದವರೆಲ್ಲ "ಯಾಕಮ್ಮ ಇಷ್ಟು ಇಳಿದುಹೋಗಿದ್ದೀಯಾ" ಅಂತ ಕೇಳುತ್ತಾರೆ. ಬುಲೀಮಿಯಾ ಇರುವವರಲ್ಲಿ ಹೆಚ್ಚಿನವರ ತೂಕ ಸಾಧಾರಣವಾಗಿರುತ್ತದೆ, ಕೆಲವರದು ಸ್ವಲ್ಪ ಜಾಸ್ತಿಯೇ ಇರುತ್ತದೆ. ಎಲ್ಲರ ಜೊತೆ ಕೂತು ಊಟ ಮಾಡುತ್ತಾರೆ, ನಗುತ್ತಾರೆ, ಮಾರ್ಕ್ಸ್ ಚೆನ್ನಾಗಿ ತೆಗೆಯುತ್ತಾರೆ. ಹೀಗೆ ವರ್ಷಗಟ್ಟಲೆ ಯಾರ ಗಮನಕ್ಕೂ ಬರದೆ ನಡೆದುಹೋಗುತ್ತದೆ. ಬ್ರಿಟನ್ನಿನ ರಾಜಕುಮಾರಿ ಡಯಾನಾ ಇಡೀ ಜಗತ್ತಿನ ಕ್ಯಾಮೆರಾಗಳ ಮುಂದೆ ಬದುಕಿದವರು. ತಮಗೆ ವರ್ಷಗಳ ಕಾಲ ಬುಲೀಮಿಯಾ ಇತ್ತು ಅಂತ 1995ರಲ್ಲಿ ಬಿಬಿಸಿ ಸಂದರ್ಶನದಲ್ಲಿ ಅವರೇ ಬಾಯಿಬಿಟ್ಟು ಹೇಳಿದರು. ನಮ್ಮಲ್ಲಿ ನಟಿ ರಿಚಾ ಛಡ್ಡಾ ಕೂಡ ತಮ್ಮ ಬುಲೀಮಿಯಾ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಾರೆ.

ಅನೊರೆಕ್ಸಿಯಾದಲ್ಲೂ ಕಣ್ಣಿಗೆ ಮೋಸ ಆಗುತ್ತದೆ. ಮೊದಲು ದಪ್ಪ ಇದ್ದ ಹುಡುಗಿಯೋ ಹುಡುಗನೋ ಬೇಗ ಬೇಗ ತುಂಬಾ ತೂಕ ಕಳೆದುಕೊಂಡರೆ, ನೋಡುವುದಕ್ಕೆ ಈಗ "ಸರಿಯಾಗಿ" ಕಾಣುತ್ತಾರೆ. ಒಳಗೆ ಹೃದಯ, ಹಾರ್ಮೋನು, ಮೂಳೆಗಳಿಗೆ ಬೀಳುವ ಏಟು ಮಾತ್ರ ತೆಳ್ಳಗಿರುವವರಿಗೆ ಬೀಳುವಷ್ಟೇ ಇರಬಹುದು. ಸುತ್ತಲಿನವರು ಆಗ ಶಭಾಷ್ ಅನ್ನುತ್ತಿರುತ್ತಾರೆ. ಇದು ನನಗೆ ತುಂಬಾ ಸಂಕಟ ಆಗುವ ವಿಷಯ.

ಈ ವಯಸ್ಸಲ್ಲಿ ಎಲ್ಲರೂ ಡಯಟ್ ಮಾಡ್ತಾರೆ. ಇದೂ ಅದೇ ಅಲ್ವಾ?

ಡಯಟ್ ಮಾಡುವವರು ಹುಟ್ಟುಹಬ್ಬದ ದಿನ ಕೇಕ್ ತಿನ್ನುತ್ತಾರೆ, ಅಜ್ಜಿ ಮಾಡಿದ ಹೋಳಿಗೆ ತಿನ್ನುತ್ತಾರೆ, ನಾಳೆಯಿಂದ ಮತ್ತೆ ಶುರು ಅನ್ನುತ್ತಾರೆ, ಮರೆಯುತ್ತಾರೆ. ಕಾಯಿಲೆ ಇರುವವರಿಗೆ ಹಾಗೆ ಮಾಡಲು ಆಗುವುದಿಲ್ಲ. ಒಂದು ಹೋಳಿಗೆ ತಿಂದರೆ ಮೂರು ದಿನ ಅದೇ ಯೋಚನೆ. ಮದುವೆಗೆ ಹೋಗುವುದನ್ನೇ ತಪ್ಪಿಸುತ್ತಾರೆ, ಯಾಕೆಂದರೆ ಅಲ್ಲಿ ಎಲೆ ಮುಂದೆ ಕೂರಬೇಕಾಗುತ್ತದೆ. ಗೆಳತಿಯರ ಜೊತೆ ಹೊರಗೆ ಹೋಗುವುದು ನಿಲ್ಲುತ್ತದೆ, ಓದುವಾಗ, ಮಲಗುವಾಗಲೂ ತಲೆ ತುಂಬಾ ಊಟದ ಲೆಕ್ಕವೇ. ಊಟದ ವಿಚಾರ ಬದುಕಿನ ಬೇರೆಲ್ಲ ಜಾಗವನ್ನೂ ತಿಂದುಹಾಕಿದೆಯಾ? ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಆದರೆ ಇಷ್ಟು ನೆನಪಿರಲಿ, ಬಹಳ ಮಂದಿಗೆ ಇದು ಶುರುವಾಗುವುದೇ ಒಂದು ಸಾಧಾರಣ ಡಯಟ್‌ನಿಂದ.

ಮಗಳು ಸೋಮವಾರ, ಗುರುವಾರ, ಶನಿವಾರ ಉಪವಾಸ ಅಂತಾಳೆ. ದೇವರ ವಿಷಯ, ಬೇಡ ಅನ್ನೋದು ಹೇಗೆ?

ಉಪವಾಸ ನಮ್ಮ ಮನೆಗಳಲ್ಲಿ ಇರುವಂಥದ್ದೇ. ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರ ಮಾಡುವವರಿಗೆಲ್ಲ ಕಾಯಿಲೆ ಇದೆ ಅಂತ ಯಾರೂ ಹೇಳುವುದಿಲ್ಲ. ಆದರೆ ಈ ಕಾಯಿಲೆಗೆ ಉಪವಾಸ ಒಳ್ಳೆಯ ಮರೆ ಆಗಿಬಿಡುತ್ತದೆ, ಯಾಕೆಂದರೆ ಮನೆಯಲ್ಲಿ ಯಾರೂ ಪ್ರಶ್ನೆ ಮಾಡುವುದಿಲ್ಲ, ಭಕ್ತಿ ಅಂತ ಮೆಚ್ಚಿಕೊಳ್ಳುತ್ತಾರೆ. ಗಮನಿಸಬೇಕಾದ್ದು ಬೇರೆ. ಮೊದಲು ವಾರಕ್ಕೆ ಒಂದು ದಿನ ಇದ್ದದ್ದು ಈಗ ಮೂರು ದಿನ ಆಗಿದೆಯಾ? ಸಂಜೆ ಪೂಜೆ ಮುಗಿದ ಮೇಲೆ ಫಲಾಹಾರವನ್ನಾದರೂ ತಿನ್ನುತ್ತಾಳಾ? ಪೂಜೆ ಮಾಡದೆ ಬರೀ ಊಟ ಬಿಡುತ್ತಿದ್ದಾಳಾ? ನಿನಗೆ ಹುಷಾರಿಲ್ಲ, ಈ ವಾರ ಬೇಡ ಅಂದಾಗ ಗಾಬರಿಯಾಗುತ್ತಾಳಾ? ಈ ಪ್ರಶ್ನೆಗಳಿಗೆ ಸಿಗುವ ಉತ್ತರ ನಿಮಗೆ ದಾರಿ ತೋರಿಸುತ್ತದೆ. ಹುಷಾರಿಲ್ಲದವರು ಉಪವಾಸ ಇರಬೇಕಾಗಿಲ್ಲ ಅಂತ ಮನೆಯ ಹಿರಿಯರೇ ಒಂದು ಮಾತು ಹೇಳಿದರೆ ಎಷ್ಟೋ ಸಹಾಯ ಆಗುತ್ತದೆ.

ಇವೆಲ್ಲ ಫಾರಿನ್ ಕಾಯಿಲೆ, ದುಡ್ಡಿರೋರ ಮಕ್ಕಳ ಕಾಯಿಲೆ ಅಂತಾರಲ್ಲ?

ಹೆಸರು ಅಲ್ಲಿಂದ ಬಂದದ್ದು ನಿಜ. ಅನೊರೆಕ್ಸಿಯಾ ನರ್ವೋಸಾ ಅನ್ನುವ ಹೆಸರು ಕೊಟ್ಟದ್ದು ಲಂಡನ್ನಿನ ವೈದ್ಯ ವಿಲಿಯಂ ಗಲ್, 1870ರ ದಶಕದಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1873ರಲ್ಲಿ, ಪ್ಯಾರಿಸ್ಸಿನ ಶಾರ್ಲ್ ಲಸೇಗ್ ಕೂಡ ಇದೇ ಕಾಯಿಲೆಯ ಬಗ್ಗೆ ಬರೆದಿದ್ದರು. ಅಂದರೆ ಇನ್‌ಸ್ಟಾಗ್ರಾಂ, ಟಿವಿ, ಸಿನಿಮಾ ಯಾವುದೂ ಇಲ್ಲದ ಕಾಲದಲ್ಲೂ ಇದು ಇತ್ತು. ಬುಲೀಮಿಯಾವನ್ನು ಬೇರೆ ಕಾಯಿಲೆ ಅಂತ ಗುರುತಿಸಿದ್ದು ತೀರಾ ಈಚೆಗೆ, 1979ರಲ್ಲಿ, ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸ್ಸೆಲ್.

ಆದರೆ ನಮಗೆ ಬರುವುದಿಲ್ಲ ಅನ್ನುವ ಮಾತು ಸುಳ್ಳು. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೆಂಗಳೂರಿನ ಮನೋವೈದ್ಯರನ್ನು ಕೇಳಿದಾಗ, ಸುಮಾರು ಮೂರರಲ್ಲಿ ಎರಡು ಭಾಗದಷ್ಟು ವೈದ್ಯರು ಇಂಥ ರೋಗಿಗಳನ್ನು ನೋಡಿದ್ದೇವೆ ಅಂದಿದ್ದರು. ನಮ್ಮ ಕಡೆ ಇದು ಬೇರೆ ವೇಷದಲ್ಲೂ ಬರುತ್ತದೆ. ಏಷ್ಯಾದ ಕೆಲವು ರೋಗಿಗಳು "ದಪ್ಪ ಆಗೋ ಭಯ" ಅಂತ ಹೇಳುವುದೇ ಇಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ, ತಿಂದರೆ ಸಂಕಟ, ಗ್ಯಾಸ್ಟ್ರಿಕ್ ಅನ್ನುತ್ತಾರೆ. ಮನೆಯವರು ಗ್ಯಾಸ್ಟ್ರಿಕ್ ಮಾತ್ರೆ ಕೊಡಿಸುತ್ತಾರೆ, ಎಂಡೋಸ್ಕೋಪಿ ಮಾಡಿಸುತ್ತಾರೆ, ದೃಷ್ಟಿ ತೆಗೆಸುತ್ತಾರೆ, ಹೀಗೇ ತಿಂಗಳುಗಳು ಕಳೆಯುತ್ತವೆ.

ಫಿಜಿ ದ್ವೀಪದ ಕಥೆಯನ್ನೂ ಹೇಳಬೇಕು. ದುಂಡಗಿನ ಮೈಯನ್ನೇ ಚಂದ ಅಂದುಕೊಂಡಿದ್ದ ಜನ ಅವರು. ಅಲ್ಲಿನ ಒಂದು ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಅನ್ನುವ ಸಂಶೋಧಕಿ ಆಗಷ್ಟೇ ಶಾಲೆಯ ಹುಡುಗಿಯರನ್ನು ಕೇಳಿದ್ದರು, ತೂಕಕ್ಕಾಗಿ ವಾಂತಿ ಮಾಡುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ಶೇ. 11ಕ್ಕಿಂತ ಹೆಚ್ಚು ಹುಡುಗಿಯರು ಮಾಡುತ್ತೇವೆ ಅಂದರು. ಮೂರೇ ವರ್ಷ! ನಮ್ಮ ಹಳ್ಳಿಗಳ ಹುಡುಗಿಯರ ಕೈಯಲ್ಲಿ ಈಗ ಫೋನ್ ಇದೆ, ಫೋನಿನಲ್ಲಿ ದಿನವಿಡೀ ರೀಲ್ಸ್ ಓಡುತ್ತದೆ.

ಯಾವ ವಯಸ್ಸಿಗೆ ಶುರುವಾಗುತ್ತೆ? ಹುಡುಗರಿಗೂ ಬರುತ್ತಾ?

ಅನೊರೆಕ್ಸಿಯಾ ಸಾಮಾನ್ಯವಾಗಿ ಹೈಸ್ಕೂಲು, ಪಿಯುಸಿ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಬುಲೀಮಿಯಾ ಸ್ವಲ್ಪ ತಡ, ಪಿಯುಸಿ ಮುಗಿಸಿ ಡಿಗ್ರಿಗೆ ಹೋಗುವ ಹೊತ್ತಿಗೆ, ಮನೆ ಬಿಟ್ಟು ಹಾಸ್ಟೆಲ್ಲೋ ಪಿಜಿಯೋ ಸೇರುವ ಹೊತ್ತಿಗೆ. ಅಲ್ಲಿ ಯಾರು ತಿಂದರು, ಯಾರು ಬಿಟ್ಟರು ಅಂತ ನೋಡುವವರು ಇರುವುದಿಲ್ಲ.

ಹುಡುಗಿಯರಲ್ಲಿ ಹೆಚ್ಚು. ಹುಡುಗರಿಗೂ ಬರುತ್ತದೆ, ಗುರುತಿಸುವುದು ಇನ್ನೂ ಕಷ್ಟ. ಎಷ್ಟೋ ಹುಡುಗರಿಗೆ ತೆಳ್ಳಗಾಗುವ ಆಸೆಗಿಂತ ಸಿಕ್ಸ್ ಪ್ಯಾಕ್ ಆಸೆ, ಮೈಯಲ್ಲಿ ಸ್ವಲ್ಪವೂ ಕೊಬ್ಬು ಕಾಣಬಾರದು ಅನ್ನುವ ಹಟ ಇರುತ್ತದೆ. ಜ್ವರ ಇದ್ದರೂ ಜಿಮ್ ತಪ್ಪಿಸುವುದಿಲ್ಲ, ಅನ್ನ ಪೂರ್ತಿ ಬಿಟ್ಟು ಬರೀ ಪೌಡರಿನಲ್ಲಿ ದಿನ ದೂಡುತ್ತಾರೆ, ಅದನ್ನು ಶಿಸ್ತು ಅಂತ ಎಲ್ಲರೂ ಹೊಗಳುತ್ತಾರೆ. ಮೈಯ ಆಕಾರ, ತೂಕ ಮುಖ್ಯವಾಗುವ ಕಡೆಗಳಲ್ಲಿ, ಅಂದರೆ ನೃತ್ಯ, ಓಟ, ಜಿಮ್ನಾಸ್ಟಿಕ್ಸ್, ಕುಸ್ತಿ, ಮಾಡೆಲಿಂಗ್ ಇಂಥ ಕಡೆ, ಅಪಾಯ ಹೆಚ್ಚು. ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಕ್ಕಳ ಬಗ್ಗೆ ವಿಶೇಷ ಎಚ್ಚರ ಬೇಕು. ತೂಕಕ್ಕಾಗಿ ಇನ್ಸುಲಿನ್ ತಪ್ಪಿಸುವವರಿದ್ದಾರೆ, ಅದು ಪ್ರಾಣಕ್ಕೇ ಅಪಾಯ.

ನಾವು ಬೆಳೆಸಿದ್ದರಲ್ಲಿ ಏನೋ ತಪ್ಪಾಯ್ತಾ?

ತಾಯಂದಿರು ಈ ಪ್ರಶ್ನೆಯನ್ನು ಕಣ್ಣಲ್ಲಿ ನೀರಿಟ್ಟುಕೊಂಡೇ ಕೇಳುತ್ತಾರೆ. ಇಲ್ಲ, ಈ ಕಾಯಿಲೆ ಒಬ್ಬರ ತಪ್ಪಿನಿಂದ ಬರುವುದಲ್ಲ.

ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಇದರಲ್ಲಿ ಅನುವಂಶಿಕತೆಯ ಪಾಲು ಸುಮಾರು ಅರ್ಧದಷ್ಟಿದೆ. 2019ರಲ್ಲಿ ಸುಮಾರು 17,000 ಅನೊರೆಕ್ಸಿಯಾ ರೋಗಿಗಳ ಜೀನ್‌ಗಳನ್ನು ನೋಡಿದ ದೊಡ್ಡ ಅಧ್ಯಯನ ಬಂತು, ಎಂಟು ಜಾಗಗಳಲ್ಲಿ ವ್ಯತ್ಯಾಸ ಸಿಕ್ಕಿತು. ಅವು ಮನಸ್ಸಿಗೆ ಸಂಬಂಧಪಟ್ಟದ್ದರ ಜೊತೆಗೆ ದೇಹ ಆಹಾರವನ್ನು ಬಳಸಿಕೊಳ್ಳುವ ರೀತಿಗೂ ಸಂಬಂಧಪಟ್ಟಿದ್ದವು. ಇದರ ಮೇಲೆ ಸ್ವಭಾವ ಇದೆ. ಎಲ್ಲವೂ ನೂರಕ್ಕೆ ನೂರು ಸರಿ ಇರಬೇಕು ಅನ್ನುವ ಮಕ್ಕಳು ಅನೊರೆಕ್ಸಿಯಾ ಕಡೆಗೆ ಹೆಚ್ಚು ವಾಲುತ್ತಾರೆ, ತಟ್ಟನೆ ಏನಾದರೂ ಮಾಡಿಬಿಡುವ ಸ್ವಭಾವ ಬುಲೀಮಿಯಾದಲ್ಲಿ ಹೆಚ್ಚು ಕಾಣುತ್ತದೆ. ಇದರ ಮೇಲೆ ಪರೀಕ್ಷೆಯ ಒತ್ತಡ, ತರಗತಿಯಲ್ಲಿ ಅಡ್ಡಹೆಸರು, ಬಾಲ್ಯದಲ್ಲಿ ಆದ ನೋವು, "ಹೆಣ್ಣು ನೋಡೋಕೆ ಬರ್ತಿದ್ದಾರೆ, ಸ್ವಲ್ಪ ಇಳಿಸು" ಅನ್ನುವ ಅತ್ತೆ, ಚಿಕ್ಕಮ್ಮಂದಿರ ಮಾತು.

ಇನ್ನೊಂದು ವಿಷಯ ತಿಳಿದರೆ ಮಕ್ಕಳ ಮೇಲಿನ ಸಿಟ್ಟು ಎಷ್ಟೋ ಇಳಿಯುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ, ಅವರ ಒಪ್ಪಿಗೆ ಪಡೆದು, 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರ್ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ. ಆದರೂ ಬರಬರುತ್ತಾ ಅವರಿಗೆ ಊಟದ್ದೇ ಧ್ಯಾನ ಶುರುವಾಯಿತು. ಅಡುಗೆ ಪುಸ್ತಕ ಓದುತ್ತಾ ಕೂತರು, ಒಂದೊಂದು ಊಟವನ್ನೂ ಗಂಟೆಗಟ್ಟಲೆ ಎಳೆದರು, ಸಿಡಿಸಿಡಿ ಆದರು, ಜನರಿಂದ ದೂರ ಸರಿದರು. ಊಟ ಮತ್ತೆ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ನಿಲ್ಲಿಸಲಾಗಲಿಲ್ಲ. ನಿಮ್ಮ ಮಗಳಲ್ಲಿ ನೀವು ನೋಡುತ್ತಿರುವ ಹಟ, ಸಿಟ್ಟು, ಮೌನ, ಎಲ್ಲರಿಗೂ ಅಡುಗೆ ಮಾಡಿ ಬಡಿಸಿ ತಾನು ತಿನ್ನದೆ ಕೂರುವುದು, ಇದರಲ್ಲಿ ದೊಡ್ಡ ಪಾಲು ಹಸಿದ ಮಿದುಳಿನದು.

ದೇಹಕ್ಕೆ ಏನೇನಾಗುತ್ತೆ?

ಅನೊರೆಕ್ಸಿಯಾದಲ್ಲಿ ದೇಹ ಇರುವ ಶಕ್ತಿಯನ್ನು ಉಳಿಸಲು ಒಂದೊಂದೇ ಕೆಲಸ ನಿಧಾನ ಮಾಡುತ್ತದೆ. ಎದೆಬಡಿತ, ಬಿಪಿ ಇಳಿಯುತ್ತದೆ. ಎಲ್ಲರೂ ಫ್ಯಾನ್ ಹಾಕಿಕೊಂಡಿರುವಾಗ ಇವರು ಸ್ವೆಟರ್ ಹಾಕಿರುತ್ತಾರೆ. ಎದ್ದರೆ ತಲೆಸುತ್ತು, ಮಲಬದ್ಧತೆ, ತಲೆಕೂದಲು ಉದುರುವುದು, ಕೈ, ಬೆನ್ನಿನ ಮೇಲೆ ಎಳೆ ಮಕ್ಕಳಿಗಿರುವಂಥ ಸಣ್ಣ ರೋಮ. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲೇ ಮೂಳೆ ಸವೆಯುತ್ತದೆ.

ಬುಲೀಮಿಯಾದಲ್ಲಿ ಹಾನಿ ಹೆಚ್ಚಾಗಿ ವಾಂತಿ, ಭೇದಿಯಿಂದ. ಹೊಟ್ಟೆಯ ಆಮ್ಲ ಬಾಯಿಗೆ ಬಂದು ಬಂದು ಹಲ್ಲಿನ ಎನಾಮೆಲ್ ಸವೆಯುತ್ತದೆ, ಅದಕ್ಕೇ ಎಷ್ಟೋ ಸಲ ಮೊದಲು ಗುರುತಿಸುವವರು ಹಲ್ಲಿನ ಡಾಕ್ಟರು. ಕಿವಿಯ ಕೆಳಗೆ, ಕೆನ್ನೆಯ ಹತ್ತಿರದ ಜೊಲ್ಲಿನ ಗ್ರಂಥಿ ಊದಿ ಮುಖ ದುಂಡಗೆ ಕಾಣುತ್ತದೆ. ಅದನ್ನು ಕನ್ನಡಿಯಲ್ಲಿ ನೋಡಿ ದಪ್ಪ ಆದೆ ಅಂದುಕೊಂಡು ಇನ್ನಷ್ಟು ಹೆದರುತ್ತಾರೆ, ಪಾಪ. ಕೈಬೆರಳ ಗೆಣ್ಣಿನ ಮೇಲೆ ಗಾಯದ ಗುರುತು ಇರಬಹುದು. ಎಲ್ಲಕ್ಕಿಂತ ಅಪಾಯ ರಕ್ತದ ಪೊಟ್ಯಾಸಿಯಂ ಕುಸಿಯುವುದು. ಅದು ಕುಸಿದರೆ ಎದೆಬಡಿತ ತಾಳ ತಪ್ಪುತ್ತದೆ, ನಿಂತೂ ಹೋಗಬಹುದು. ಹೊರಗಿನಿಂದ ನೋಡಿದರೆ ಹುಡುಗಿ ಆರಾಮಾಗೇ ಕಾಣುತ್ತಿರುತ್ತಾಳೆ.

ಭೇದಿ ಮಾತ್ರೆ ಬಗ್ಗೆ ಒಂದು ಮಾತು, ಬಳಸುತ್ತಿರುವವರಿಗಾಗಿ. ಅದು ಕೆಲಸ ಮಾಡುವುದು ದೊಡ್ಡ ಕರುಳಿನ ಮೇಲೆ. ಊಟದ ಸತ್ವವನ್ನು ಅಷ್ಟರಲ್ಲಿ ಸಣ್ಣ ಕರುಳು ಹೀರಿಕೊಂಡಾಗಿರುತ್ತದೆ. ನೀವು ಕಳೆದುಕೊಳ್ಳುವುದು ನೀರು ಮತ್ತು ಲವಣ, ಅಷ್ಟೇ. ವಾಂತಿ ಆದ ಕೂಡಲೇ ಬ್ರಷ್ ಮಾಡಬೇಡಿ, ಮೆತ್ತಗಾದ ಎನಾಮೆಲ್ ಇನ್ನೂ ಸವೆಯುತ್ತದೆ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ.

ಮುಟ್ಟು ನಿಂತಿದೆ. ಥೈರಾಯ್ಡ್ ಟೆಸ್ಟ್, ರಕ್ತ ಪರೀಕ್ಷೆ ಎಲ್ಲ ನಾರ್ಮಲ್ ಬಂದಿದೆ. ಅಂದ್ರೆ ತೊಂದರೆ ಇಲ್ಲ ಅಲ್ವಾ?

ಅನೊರೆಕ್ಸಿಯಾದಲ್ಲಿ ರಕ್ತದ ರಿಪೋರ್ಟ್ ಬಹಳ ದಿನ ನಾರ್ಮಲ್ ಬರಬಹುದು, ಅದನ್ನು ನೋಡಿ ನಿರಾಳ ಆಗಬೇಡಿ. ಡಾಕ್ಟರ ಹತ್ತಿರ ಹೋದಾಗ ಊಟದ ಕಥೆಯನ್ನೂ ಹೇಳಿ, ತೂಕ ಹೇಗೆ ಬದಲಾಗಿದೆ ಅನ್ನುವುದನ್ನೂ ಹೇಳಿ. ಹಾರ್ಮೋನ್ ಮಾತ್ರೆಯಿಂದ ತಿಂಗಳು ತಿಂಗಳು ರಕ್ತಸ್ರಾವ ಬರಿಸಬಹುದು. ಅದರಿಂದ ಸವೆದ ಮೂಳೆ ಸರಿಹೋಗುವುದಿಲ್ಲ, ಮನೆಯವರಿಗೆ ಎಲ್ಲ ಸರಿಯಾಯ್ತು ಅನ್ನುವ ಸುಳ್ಳು ಸಮಾಧಾನ ಮಾತ್ರ ಸಿಗುತ್ತದೆ. ಮೈಗೆ ಬೇಕಾದಷ್ಟು ಊಟ, ಬೇಕಾದಷ್ಟು ತೂಕ ವಾಪಸ್ ಬಂದರೆ ಮುಟ್ಟು ಸಾಮಾನ್ಯವಾಗಿ ತಾನೇ ಬರುತ್ತದೆ. ಇನ್ನೊಂದು, ಮುಟ್ಟು ಸರಿಯಾಗಿ ಆಗುತ್ತಿದೆ ಅಂದ ಮಾತ್ರಕ್ಕೆ ಅನೊರೆಕ್ಸಿಯಾ ಇಲ್ಲ ಅಂತಲೂ ಅಲ್ಲ. ಹಳೇ ನಿಯಮದಲ್ಲಿ ಮುಟ್ಟು ನಿಂತಿರಲೇಬೇಕು ಅಂತ ಇತ್ತು, 2013ರಲ್ಲಿ ಅದನ್ನು ತೆಗೆದರು.

ಒಬ್ಬರಿಗೇ ಎರಡೂ ಇರಬಹುದಾ?

ಒಂದೇ ಹೊತ್ತಿಗೆ ಎರಡೂ ಹೆಸರು ಕೊಡುವುದಿಲ್ಲ. ತೂಕ ತೀರಾ ಕಡಿಮೆ ಇದ್ದು ವಾಂತಿಯೂ ಇದ್ದರೆ ಅದನ್ನು ಅನೊರೆಕ್ಸಿಯಾದ ಒಂದು ಬಗೆ ಅಂತಲೇ ಲೆಕ್ಕ. ಆದರೆ ವರ್ಷಗಳು ಕಳೆದ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟುವವರು ಬಹಳ. ಅನೊರೆಕ್ಸಿಯಾದಿಂದ ಬುಲೀಮಿಯಾ ಕಡೆಗೆ ಹೋಗುವುದು ಹೆಚ್ಚು. ಈ ದಾಟುವಿಕೆ ನಡೆದಾಗ ತೂಕ ಏರುತ್ತದೆ, ಮನೆಯವರು ಗುಣ ಆಯ್ತು ಅಂತ ಸಂತೋಷಪಟ್ಟು ಡಾಕ್ಟರ ಹತ್ತಿರ ಹೋಗುವುದನ್ನು ನಿಲ್ಲಿಸಿಬಿಡುತ್ತಾರೆ.

ಯಾವುದು ಜಾಸ್ತಿ ಅಪಾಯ?

ಸಾವಿನ ಲೆಕ್ಕದಲ್ಲಿ ಅನೊರೆಕ್ಸಿಯಾ. ಮಾನಸಿಕ ಕಾಯಿಲೆಗಳಲ್ಲೇ ಅತಿ ಹೆಚ್ಚು ಸಾವು ತರುವ ಕಾಯಿಲೆಗಳಲ್ಲಿ ಅದು ಒಂದು. ಹಸಿವಿನಿಂದ, ಹೃದಯ ಸೋತು ಸಾಯುವವರಿದ್ದಾರೆ. ಅಮೆರಿಕದ ಹೆಸರಾಂತ ಗಾಯಕಿ ಕ್ಯಾರನ್ ಕಾರ್ಪೆಂಟರ್ 1983ರಲ್ಲಿ ತೀರಿಕೊಂಡದ್ದು ಹಾಗೆ, 32ನೇ ವಯಸ್ಸಿಗೆ. ಜೊತೆಗೆ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅನೊರೆಕ್ಸಿಯಾ ಇದ್ದು ಸತ್ತವರಲ್ಲಿ ಸುಮಾರು ಐವರಲ್ಲಿ ಒಬ್ಬರದು ಆತ್ಮಹತ್ಯೆ. ಬುಲೀಮಿಯಾದಲ್ಲಿ ಸಾವು ಅದಕ್ಕಿಂತ ಕಡಿಮೆ, ಆದರೆ ಖಿನ್ನತೆ, ಮೈ ಕೊಯ್ದುಕೊಳ್ಳುವುದು, ಆತ್ಮಹತ್ಯೆಯ ಯೋಚನೆ ಅಲ್ಲೂ ಹೆಚ್ಚು. ಹಾಗಾಗಿ ಬುಲೀಮಿಯಾ ಅಂದರೆ ಸಣ್ಣದು ಅಂತ ಬಿಡುವ ಹಾಗಿಲ್ಲ. ಅನೊರೆಕ್ಸಿಯಾ ಇರುವವರನ್ನು ಯಾರಾದರೂ ಡಾಕ್ಟರ ಹತ್ತಿರ ಎಳೆದುಕೊಂಡಾದರೂ ಹೋಗುತ್ತಾರೆ. ಬುಲೀಮಿಯಾ ಇರುವವರು ಒಬ್ಬರೇ ಉಳಿದುಬಿಡುತ್ತಾರೆ.

ಮನೆಯಲ್ಲಿ ಏನೇನು ಗಮನಿಸಬೇಕು?

ಊಟ ಆದ ಕೂಡಲೇ ಬಾತ್‌ರೂಮಿಗೆ ಹೋಗುವುದು, ನಲ್ಲಿ ಜೋರಾಗಿ ಬಿಟ್ಟುಕೊಳ್ಳುವುದು. ಡಬ್ಬದಲ್ಲಿದ್ದ ಬಿಸ್ಕತ್ತು, ಚಕ್ಕುಲಿ, ಬ್ರೆಡ್ಡು ರಾತ್ರೋರಾತ್ರಿ ಖಾಲಿಯಾಗುವುದು. ಬ್ಯಾಗಿನಲ್ಲಿ ಭೇದಿ ಮಾತ್ರೆಯ ಸ್ಟ್ರಿಪ್. "ಕಾಲೇಜಲ್ಲೇ ತಿಂದೆ", "ಫ್ರೆಂಡ್ ಮನೇಲಿ ಆಯ್ತು" ಅನ್ನುವ ಮಾತು ದಿನಾ ಬರುವುದು. ಚಪಾತಿಯನ್ನು ಚೂರು ಚೂರು ಮಾಡಿ ತಟ್ಟೆಯಲ್ಲೇ ಆಡಿಸುವುದು, ಮುದ್ದೆ, ಅನ್ನ, ಎಣ್ಣೆ, ತುಪ್ಪ ಒಂದೊಂದನ್ನೇ ಪಟ್ಟಿಯಿಂದ ತೆಗೆಯುವುದು. ದಿನಕ್ಕೆ ನಾಲ್ಕೈದು ಸಲ ತೂಕ ನೋಡಿಕೊಳ್ಳುವುದು. ದೊಗಲೆ ಬಟ್ಟೆ. ಇವುಗಳಲ್ಲಿ ಒಂದು ಕಂಡರೆ ಕಾಯಿಲೆ ಅಂತ ತೀರ್ಮಾನಿಸಬೇಡಿ, ಎರಡು ಮೂರು ಸೇರಿದರೆ ಮಾತಾಡಿಸಿ.

ಹೇಗೆ ಮಾತಾಡಿಸೋದು? ಬಾಯಿ ತೆಗೆದರೆ ಜಗಳ ಆಗುತ್ತೆ.

ಊಟದ ಹೊತ್ತಿನಲ್ಲಿ ಬೇಡ. ಎಲ್ಲರ ಎದುರು ಬೇಡ. ತೂಕದ ಬಗ್ಗೆ, ಮೈಯ ಬಗ್ಗೆ ಒಂದೂ ಮಾತು ಬೇಡ, ಹೊಗಳಿಕೆ ಕೂಡ ಬೇಡ. "ಈಗ ಮುಖದಲ್ಲಿ ಕಳೆ ಬಂದಿದೆ, ಸ್ವಲ್ಪ ತುಂಬಿಕೊಂಡಿದ್ದೀಯಾ" ಅಂತ ಪ್ರೀತಿಯಿಂದ ಅಂದರೂ ಅವಳ ಕಿವಿಗೆ ದಪ್ಪ ಆಗಿದ್ದೀಯಾ ಅಂತಲೇ ಕೇಳಿಸುತ್ತದೆ.

ನೀವು ನೋಡಿದ್ದನ್ನು ಹೇಳಿ. "ಮಗಾ, ನೀನು ರಾತ್ರಿ ಊಟ ಆದ ಮೇಲೆ ವಾಂತಿ ಮಾಡೋದು ಕೇಳಿಸ್ತು. ನಂಗೆ ಭಯ ಆಗ್ತಿದೆ. ನಿನ್ನ ಮೇಲೆ ಸಿಟ್ಟಿಲ್ಲ. ಇಬ್ಬರೂ ಸೇರಿ ಡಾಕ್ಟರ ಹತ್ರ ಹೋಗಿ ಬರೋಣ." ಇಷ್ಟು ಸಾಕು. ಇಲ್ಲ ಅಂತಾಳೆ, ಕೂಗಾಡುತ್ತಾಳೆ, ಅಳುತ್ತಾಳೆ. ವಾದಕ್ಕೆ ಇಳಿಯಬೇಡಿ, ಎರಡು ದಿನ ಬಿಟ್ಟು ಮತ್ತೆ ಅದೇ ಮಾತು ಅದೇ ಮೆತ್ತನೆ ದನಿಯಲ್ಲಿ ಹೇಳಿ. ಆಣೆ ಪ್ರಮಾಣ ಮಾಡಿಸಬೇಡಿ. "ನಾನು ಸತ್ತರೆ ನೀನೇ ಕಾರಣ" ಅನ್ನಬೇಡಿ. ಅವಳು ಈಗಾಗಲೇ ತನ್ನನ್ನು ತಾನು ಬೈದುಕೊಳ್ಳುವಷ್ಟು ನಿಮಗೆ ಬೈಯಲಾಗುವುದಿಲ್ಲ.

ನೆಂಟರು ಬಂದಾಗ "ದಪ್ಪ", "ಸಣ್ಣ" ಅನ್ನುವ ಮಾತು ಶುರುವಾದರೆ ತಡೆಯುವುದು ನಿಮ್ಮ ಕೆಲಸ, ಮಗುವಿನ ಕೆಲಸ ಅಲ್ಲ. ನಮ್ಮ ಮನೆಯಲ್ಲಿ ಅದು ಬೇಡ ಅತ್ತೆ ಅಂತ ನಗುತ್ತಲೇ ಹೇಳಬಹುದು.

ಚೆನ್ನಾಗಿ ತುಪ್ಪ, ಹಾಲು, ಬಾದಾಮಿ ಹಾಕಿ ತಿನ್ನಿಸಿದ್ರೆ ಸರಿ ಹೋಗಲ್ವಾ?

ಊಟವೇ ಔಷಧ, ಅದು ಸರಿ. ಆದರೆ ಬಹಳ ದಿನ ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ತುಂಬಾ ಕೊಟ್ಟರೆ ರಕ್ತದ ಫಾಸ್ಫೇಟ್ ಮುಂತಾದ ಲವಣಗಳು ಕುಸಿದು ಜೀವಕ್ಕೇ ಅಪಾಯ ಆಗಬಹುದು. ಎರಡನೇ ಮಹಾಯುದ್ಧ ಮುಗಿದು ಸೆರೆಯಿಂದ ಹೊರಬಂದ ಕೈದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆ ಕಾಯಿಲೆ ಬಿದ್ದದ್ದು ಇದರಿಂದಲೇ. ತುಂಬಾ ಇಳಿದಿರುವ ಮಗುವಿಗೆ ಡಾಕ್ಟರ ಕಣ್ಗಾವಲಿನಲ್ಲಿ, ರಕ್ತ ಪರೀಕ್ಷೆ ಮಾಡಿಸುತ್ತಾ ಊಟ ಹೆಚ್ಚಿಸಬೇಕು.

ಬುಲೀಮಿಯಾ ಇರುವವರಿಗೆ ಈ ಸಲಹೆ ಬೇರೆ ಥರ ಉಲ್ಟಾ ಹೊಡೆಯುತ್ತದೆ. ಅವರಿಗೆ ಬೇಕಾದ್ದು ಹೊತ್ತು ಹೊತ್ತಿಗೆ ಸರಿಯಾಗಿ ಊಟ. ಬೆಳಿಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಅರ್ಧ ತಿಂದು, ಸಂಜೆ ಹಸಿವು ತಡೆಯಲಾಗದೆ ಮಿತಿಮೀರಿ ತಿನ್ನುವುದು ಈ ಕಾಯಿಲೆಯ ಚಕ್ರ. ಅದನ್ನು ಮುರಿಯುವುದು ತಿಂಡಿಯಿಂದ, ಬೆಳಿಗ್ಗೆಯಿಂದ.

ಚಿಕಿತ್ಸೆ ಎರಡಕ್ಕೂ ಒಂದೇನಾ?

ಒಂದೇ ಅಲ್ಲ. ಮನೆಯಲ್ಲಿರುವ ಹದಿಹರೆಯದ ಮಕ್ಕಳ ಅನೊರೆಕ್ಸಿಯಾಗೆ ಹೆಚ್ಚು ಆಧಾರ ಇರುವುದು ಕುಟುಂಬ ಆಧಾರಿತ ಚಿಕಿತ್ಸೆಗೆ. ಲಂಡನ್ನಿನ ಮಾಡ್ಸ್ಲೀ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು. ಮೊದಲು ಊಟದ ಜವಾಬ್ದಾರಿಯನ್ನು ಅಪ್ಪ ಅಮ್ಮ ತೆಗೆದುಕೊಳ್ಳುತ್ತಾರೆ. ಏನು, ಎಷ್ಟು, ಯಾವಾಗ ಅನ್ನುವುದು ಅವರ ತೀರ್ಮಾನ, ಪ್ರತಿ ಊಟಕ್ಕೂ ಪಕ್ಕದಲ್ಲೇ ಕೂರುತ್ತಾರೆ. ದೇಹ ಸುಧಾರಿಸಿದ ಹಾಗೆ ನಿಧಾನವಾಗಿ ಆ ಜವಾಬ್ದಾರಿಯನ್ನು ಮಗುವಿಗೇ ವಾಪಸ್ ಕೊಡುತ್ತಾರೆ. ನನಗೆ ಇದು ನಮ್ಮ ಮನೆಗಳಿಗೆ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ, ಅಜ್ಜಿ ತಾತ ಇದ್ದರೆ ಇನ್ನೂ ಒಳ್ಳೆಯದು, ಆದರೆ ಮನೆಯವರೆಲ್ಲರ ಮಾತು ಒಂದೇ ಇರಬೇಕು. ಅಮ್ಮ ತಿನ್ನು ಅನ್ನುವಾಗ ಅಪ್ಪ "ಬಿಡು, ಹಸಿವಾದಾಗ ತಿಂತಾಳೆ" ಅಂದರೆ ಎಲ್ಲ ಕೆಡುತ್ತದೆ.

ಬುಲೀಮಿಯಾಗೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಮುಖ್ಯ. ಯಾವ ಯೋಚನೆ ಬಂದಾಗ, ಯಾವ ಹೊತ್ತಿನಲ್ಲಿ, ಯಾವ ಜಗಳ ಆದ ಮೇಲೆ ಹೀಗಾಗುತ್ತದೆ ಅಂತ ಬರೆದಿಟ್ಟು, ಚಕ್ರವನ್ನು ಬಿಡಿಸುತ್ತಾ ಹೋಗುತ್ತಾರೆ. ದೊಡ್ಡವರಿಗೆ ಫ್ಲುಆಕ್ಸೆಟಿನ್ ಅನ್ನುವ ಮಾತ್ರೆಯನ್ನೂ ಡಾಕ್ಟರು ಕೊಡುವುದುಂಟು. ಅನೊರೆಕ್ಸಿಯಾವನ್ನೇ ಗುಣ ಮಾಡುವ ಮಾತ್ರೆ ಇನ್ನೂ ಇಲ್ಲ.

ಯಾರ ಹತ್ರ ಹೋಗಬೇಕು? ಬೆಂಗಳೂರಿಗೇ ಹೋಗಬೇಕಾ?

ಮೊದಲು ನಿಮ್ಮೂರಿನ ಫಿಸಿಷಿಯನ್ ಅಥವಾ ಮಕ್ಕಳ ಡಾಕ್ಟರು ಸಾಕು. ಬಿಪಿ, ನಾಡಿ, ಇಸಿಜಿ, ಪೊಟ್ಯಾಸಿಯಂ ನೋಡಲಿ. ಆಮೇಲೆ ಮನೋವೈದ್ಯರು. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಇರುತ್ತಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಬೇರೆ ವಿಭಾಗ ಇದೆ.

ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಖರ್ಚಿನ ಮಾತು ಬಂದರೆ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು. ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಓದಿ ನೋಡಿ, ಕೇಳಿ.

ಪೂರ್ತಿ ಗುಣ ಆಗುತ್ತಾ? ಮುಂದೆ ಮದುವೆ, ಮಕ್ಕಳು?

ಆಗುತ್ತದೆ, ನಿಧಾನವಾಗಿ. ಅಮೆರಿಕದ ಬಾಸ್ಟನ್ ಕಡೆ ಎರಡೂ ಕಾಯಿಲೆಯ ಹೆಂಗಸರನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ ಒಂದಿದೆ. ಒಂಬತ್ತು ವರ್ಷದ ಹೊತ್ತಿಗೆ ಬುಲೀಮಿಯಾದವರಲ್ಲಿ ಮೂರರಲ್ಲಿ ಎರಡು ಭಾಗ ಗುಣವಾಗಿದ್ದರು, ಅನೊರೆಕ್ಸಿಯಾದವರಲ್ಲಿ ಮೂರರಲ್ಲಿ ಒಂದು ಭಾಗ ಮಾತ್ರ. 22 ವರ್ಷದ ಹೊತ್ತಿಗೆ ಅನೊರೆಕ್ಸಿಯಾದವರಲ್ಲೂ ಗುಣವಾದವರು ಶೇ. 60 ದಾಟಿದ್ದರು. ಅಂದರೆ ಹತ್ತು ವರ್ಷ ನರಳಿದವರೂ ಗುಣವಾಗುತ್ತಾರೆ. ಚಿಕ್ಕ ವಯಸ್ಸಿನಲ್ಲಿ, ಬೇಗ ಚಿಕಿತ್ಸೆ ಸಿಕ್ಕವರಿಗೆ ಇನ್ನೂ ಒಳ್ಳೆಯದಾಗುತ್ತದೆ.

ಗುಣವಾದ ಎಷ್ಟೋ ಮಂದಿ ಮದುವೆಯಾಗಿ ಮಕ್ಕಳನ್ನೂ ಪಡೆದಿದ್ದಾರೆ. ಆದರೆ ಮದುವೆ ಮಾಡಿದರೆ ಸರಿ ಹೋಗುತ್ತಾಳೆ ಅನ್ನುವುದು ಚಿಕಿತ್ಸೆ ಅಲ್ಲ. ಹೊಸ ಮನೆ, ಹೊಸ ಜನ, ಬಡಿಸುವ ಕೈಗಳೂ ಬೇರೆ, ಒತ್ತಡ ಇನ್ನೂ ಜಾಸ್ತಿ ಆಗುತ್ತದೆ. ಮೊದಲು ಗುಣವಾಗಲಿ.

ನನಗೇ ಇದೆ ಅನ್ನಿಸುತ್ತೆ. ನಾನು ಅಷ್ಟೇನೂ ಸಣ್ಣ ಇಲ್ಲ, ಡಾಕ್ಟರು ನಗಲ್ವಾ?

ನೀವು ಎಷ್ಟು ಸಣ್ಣ ಇದ್ದೀರಿ ಅನ್ನುವುದರ ಮೇಲೆ ಸಹಾಯ ಕೇಳುವ ಹಕ್ಕು ನಿಂತಿಲ್ಲ. ಇನ್ನಷ್ಟು ಇಳಿದ ಮೇಲೆ ಹೋಗುತ್ತೇನೆ ಅನ್ನಿಸಿದರೆ, ಆ ಮಾತು ಕಾಯಿಲೆಯದ್ದು. ಬಾಯಿಬಿಟ್ಟು ಹೇಳಲು ಕಷ್ಟ ಆದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ವಾರಕ್ಕೆ ಎಷ್ಟು ಸಲ ಹೀಗಾಗುತ್ತದೆ, ಎಷ್ಟು ತಿಂಗಳಿಂದ, ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ. ಚೀಟಿಯನ್ನು ಮೇಜಿನ ಮೇಲೆ ಇಟ್ಟರೆ ಸಾಕು. ಒಬ್ಬ ಡಾಕ್ಟರು ಹಗುರವಾಗಿ ಮಾತಾಡಿದರೆ ಇನ್ನೊಬ್ಬರ ಹತ್ತಿರ ಹೋಗಿ. ಮನೆಯಲ್ಲಿ ಹೇಳಲು ಭಯವಾದರೆ ಅಕ್ಕ, ಚಿಕ್ಕಪ್ಪ, ಮೇಡಂ, ಯಾರೇ ಆಗಲಿ, ಬೈಯದೆ ಕೇಳಿಸಿಕೊಳ್ಳುವವರು ಒಬ್ಬರಿಗೆ ಹೇಳಿ.

ರೂಮ್‌ಮೇಟ್‌ಗೆ ಹೀಗಾಗ್ತಿದೆ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ದಾಳೆ. ಏನು ಮಾಡಲಿ?

ಮೊದಲು ಅವಳಿಗೇ ಹೇಳಿ, ನಾನು ಒಬ್ಬಳೇ ಇದನ್ನು ಹೊತ್ತುಕೊಳ್ಳಲು ಆಗುತ್ತಿಲ್ಲ, ನೀನೇ ಮನೆಯಲ್ಲಿ ಹೇಳುತ್ತೀಯಾ, ಬೇಕಾದರೆ ಪಕ್ಕದಲ್ಲಿ ನಾನಿರುತ್ತೇನೆ ಅಂತ. ಕೆಲವು ದಿನ ಅವಕಾಶ ಕೊಡಿ. ಮೆಸ್ಸಿಗೆ ಒಟ್ಟಿಗೆ ಹೋಗಿ, ಊಟ ಆದ ಮೇಲೆ ಸ್ವಲ್ಪ ಹೊತ್ತು ಜೊತೆಗೇ ಕೂತು ಬೇರೆ ಏನಾದರೂ ಮಾತಾಡಿ. ತಟ್ಟೆಯ ಮೇಲೆ ಕಣ್ಣಿಡಬೇಡಿ.

ಆದರೆ ಅವಳು ಎಚ್ಚರ ತಪ್ಪಿ ಬಿದ್ದರೆ, ಎದೆ ಡವಡವ ಅನ್ನುತ್ತದೆ, ಎದೆ ನೋವು ಅಂದರೆ, ವಾಂತಿಯಲ್ಲಿ ರಕ್ತ ಬಂದರೆ, ಸ್ನಾಯು ಸೆಳೆತ ಬಂದು ನಿಲ್ಲಲಾಗದಿದ್ದರೆ, ನೀರೂ ಕುಡಿಯದಿದ್ದರೆ, ಸಾಯುವ ಮಾತಾಡಿದರೆ, ಕೊಟ್ಟ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ವಾರ್ಡನ್‌ಗೆ ಹೇಳಿ, 108ಕ್ಕೆ ಫೋನ್ ಮಾಡಿ, ಅವಳ ಮನೆಗೂ ಫೋನ್ ಮಾಡಿ. ಆಸ್ಪತ್ರೆಯಲ್ಲಿ ವಾಂತಿಯ ವಿಷಯ, ಭೇದಿ ಮಾತ್ರೆಯ ವಿಷಯ ಮುಚ್ಚಿಡದೆ ಹೇಳಿ, ಸುಸ್ತಾಗಿ ಬಿದ್ದಳು ಅಂತ ಮಾತ್ರ ಹೇಳಿದರೆ ಬರೀ ಗ್ಲೂಕೋಸ್ ಹಾಕಿ ಕಳಿಸಿಬಿಡಬಹುದು, ಪೊಟ್ಯಾಸಿಯಂ ನೋಡದೇ ಹೋಗಬಹುದು. ಅವಳಿಗೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಕೆಲವು ದಿನ ಮಾತು ಬಿಡಬಹುದು. ಪರವಾಗಿಲ್ಲ, ಬಿಡಲಿ.